ಮಗಳು 98 ಸೆಂಟಿಮೀಟರ್, ಹೊರಟಿರೋದು ವಂಡರ್‌ಲಾಗೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ಈ ರಜೆಗೆ ಭಾವನವರ ಮನೆಯವರು, ನಾವು, ಅತ್ತೆ, ಒಟ್ಟು ಒಂಬತ್ತು ಜನ ಟಿಟಿ ಮಾಡಿಕೊಂಡು ಬಿಡದಿಯ ವಂಡರ್‌ಲಾಗೆ ಹೋಗೋದು ಅಂತ ಮಾತಾಗಿದೆ. ಭಾವನ ಮಕ್ಕಳಿಬ್ಬರೂ ಹೈಸ್ಕೂಲು. ನಮ್ಮ ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಈಗಷ್ಟೇ ನಾಲ್ಕು ತುಂಬಿದೆ, ಎತ್ತರ 98 ಸೆಂಟಿಮೀಟರ್. "ಅಲ್ಲಿ ಚಿಕ್ಕ ಮಕ್ಕಳಿಗೂ ಆಟ ಇವೆ ಕಣೇ, ಕರ್ಕೊಂಡು ಬಾ" ಅಂತ ಓರಗಿತ್ತಿ. "ಅಷ್ಟು ದುಡ್ಡು ಕೊಟ್ಟು ಅವಳು ಅಲ್ಲಿ ಏನು ಮಾಡ್ತಾಳೆ" ಅಂತ ನಮ್ಮ ಯಜಮಾನರು. ಕರ್ಕೊಂಡು ಹೋಗಲಾ, ಅಮ್ಮನ ಮನೇಲಿ ಬಿಟ್ಟು ಹೋಗಲಾ? ಬೆಳಗ್ಗೆ ಐದಕ್ಕೆ ಹೊರಟು ಅವತ್ತೇ ರಾತ್ರಿ ವಾಪಸ್ ಬರೋದು.
– ಒಬ್ಬ ಓದುಗರು, ಹಾಸನ

ಉತ್ತರ: ವಯಸ್ಸಿನ ಜೊತೆ ಎತ್ತರವನ್ನೂ ಬರೆದಿದ್ದೀರಲ್ಲ, ಅದಕ್ಕೇ ಮೊದಲು ಒಂದು ಶಹಬ್ಬಾಸ್. ಈ ವಿಷಯಕ್ಕೆ ಬರೆಯುವವರೆಲ್ಲ ವಯಸ್ಸು ಹೇಳುತ್ತಾರೆ. ಅಲ್ಲಿ ಗೇಟಿನಲ್ಲಿ ವಯಸ್ಸು ಕೇಳುವವರು ಯಾರೂ ಇಲ್ಲ, ಮಗುವನ್ನು ಅಳತೆಯ ಪಟ್ಟಿಯ ಪಕ್ಕ ನಿಲ್ಲಿಸಿ ನೋಡುತ್ತಾರೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರ್‌ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಕಾಗಿಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದನ್ನು ದಾಟಿದರೆ ಆರನೇ ಕ್ಲಾಸಿನ ಹುಡುಗನಾದರೂ ದೊಡ್ಡವರ ಟಿಕೆಟ್ಟೇ. ಹಾಗಾಗಿ ನಿಮ್ಮ ಮಗಳಿಗೂ ದುಡ್ಡು ಕೊಡಬೇಕು. ಆದರೆ ಟಿಕೆಟ್ ಇದೆ ಅಂದ ಮಾತ್ರಕ್ಕೆ ಎಲ್ಲ ಆಟಕ್ಕೂ ಬಿಡುತ್ತಾರೆ ಅಂತಲ್ಲ. ಆಟ ಆಟಕ್ಕೂ ಬೇರೆ ಬೋರ್ಡು, ಬೇರೆ ಅಳತೆ. ಅಲ್ಲಿ ರಿಕಾಯಿಲ್ ಅಂತ ಒಂದು ರೋಲರ್ ಕೋಸ್ಟರ್ ಇದೆ. ಜನರನ್ನು ತಲೆಕೆಳಗು ಮಾಡಿ ಸುತ್ತಿಸಿ, ಸಾಲದು ಅಂತ ಅದೇ ಹಳಿ ಮೇಲೆ ಹಿಂದು ಹಿಂದಕ್ಕೆ ಎಳೆದುಕೊಂಡು ಬರುತ್ತದೆ. ಅದಕ್ಕೆ ಮಗಳ ಮಾತು ಬಿಡಿ, ಒಂಬತ್ತು ವರ್ಷದ ಮಗನನ್ನೂ ಬಿಡುವುದು ಅನುಮಾನ. ಅವನ ಎತ್ತರವನ್ನೂ ಇವತ್ತೇ ಅಳೆದುಬಿಡಿ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಲ್ಲಿಸಿ, ತಲೆ ಮೇಲೆ ಪುಸ್ತಕ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದರೆ ಆಯಿತು. ಅಣ್ಣಂದಿರ ಜೊತೆ ಹೋಗಬಹುದು ಅಂತ ಕುಣಿದುಕೊಂಡು ಬಂದವನನ್ನು ಒಂದು ಗಂಟೆ ಸಾಲಿನಲ್ಲಿ ನಿಲ್ಲಿಸಿ ಕೊನೆಗೆ "ನೀನು ಆಗಲ್ಲ" ಅಂದರೆ ಆ ಅಳು ನೋಡೋಕಾಗಲ್ಲ.

ಇನ್ನು ಮಗಳ ವಿಷಯ. ಅವಳಿಗೆ ಅಪಾಯ ಅಂತ ನಿಮ್ಮ ತಲೆಯಲ್ಲಿದ್ದರೆ ಅದನ್ನು ಸ್ವಲ್ಪ ಪಕ್ಕಕ್ಕಿಡಿ. ದೊಡ್ಡ ಆಟದ ಹತ್ತಿರಕ್ಕೂ ಅವಳನ್ನು ಬಿಡುವುದಿಲ್ಲ. ಓರಗಿತ್ತಿ ಹೇಳಿದ್ದೂ ಸುಳ್ಳಲ್ಲ. ಪುಟ್ಟ ಮಕ್ಕಳಿಗೇ ಅಂತ ಬೇರೆ ಆಟಗಳಿವೆ, ಮೊಣಕಾಲುದ್ದ ನೀರಿನ ಕೊಳ ಇದೆ. ನಾಲ್ಕು ವರ್ಷದವಳು ಅದರಲ್ಲೇ ಖುಷಿಯಾಗಿ ಇದ್ದುಬಿಡುತ್ತಾಳೆ.

ಸಮಸ್ಯೆ ಇರುವುದು ಅವಳ ಜೊತೆ ಯಾರು ಇರುತ್ತಾರೆ ಅನ್ನುವುದರಲ್ಲಿ. ನಾನು ಇಂಥ ಪಾರ್ಕುಗಳಿಗೆ ಎಷ್ಟು ಸಲ ಹೋಗಿದ್ದೇನೋ, ಪ್ರತಿ ಸಲವೂ ಪ್ರತಿ ದೊಡ್ಡ ಆಟದ ಕೆಳಗೆ ಒಬ್ಬ ತಾಯಿ ನಿಂತಿರುತ್ತಾಳೆ. ಸೊಂಟದ ಮೇಲೊಂದು ಮಗು, ಭುಜದಲ್ಲಿ ಮೂರು ಬ್ಯಾಗು, ಕೈಯಲ್ಲಿ ಯಾರದ್ದೋ ಕನ್ನಡಕ, ಯಾರದ್ದೋ ಮೊಬೈಲು. ಮೇಲಿಂದ ಗಂಡ ಕೈ ಬೀಸುತ್ತಾನೆ, ಇವಳೂ ಬೀಸಬೇಕು. ಮಗು "ನಾನೂ, ನಾನೂ" ಅಂತ ಅರಚುತ್ತಿರುತ್ತದೆ. ನಿಮ್ಮ ಒಂಬತ್ತು ಜನರಲ್ಲಿ ಆ ಜಾಗಕ್ಕೆ ಯಾರು ಬರುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅತ್ತೆಯವರ ಹತ್ತಿರ ಬಿಡೋಣ ಅಂದುಕೊಳ್ಳಬೇಡಿ. ಆ ಬಿಸಿಲಲ್ಲಿ ನಾಲ್ಕು ವರ್ಷದವಳ ಹಿಂದೆ ಓಡೋಕೆ ಅವರ ಮಂಡಿ ಒಪ್ಪಬೇಕಲ್ಲ.

ಎರಡನೆಯದು ನೀವು ಕಾಗದದ ಕೊನೆಯಲ್ಲಿ ಸುಮ್ನೆ ಸೇರಿಸಿದ ಆ ಸಾಲು, ಅವತ್ತೇ ವಾಪಸ್ ಅಂತ. ಹಾಸನದಿಂದ ಬಿಡದಿಗೆ ತಿಂಡಿಗೆ, ಕಾಫಿಗೆ ಅಂತ ನಿಂತು ಹೋದರೆ ನಾಲ್ಕು ಗಂಟೆ. ನಿದ್ದೆಗಣ್ಣಲ್ಲಿ ಎತ್ತಿಕೊಂಡು ಬಂದ ಮಗು ಟಿಟಿಯಲ್ಲಿ ಒಂದು ಸಲ ವಾಂತಿ ಮಾಡಿ, ಬಿಸಿಲಲ್ಲಿ ಸುತ್ತಿ, ನೀರಿನ ಆಟಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ಮಧ್ಯಾಹ್ನದ ನಿದ್ದೆಯ ಸಮಯ ಆಗಿರುತ್ತದೆ.

ನನ್ನನ್ನು ಕೇಳಿದರೆ, ಅವತ್ತೇ ಹೋಗಿ ಬರೋದಾದರೆ ಅಮ್ಮನ ಮನೆಯಲ್ಲಿ ಬಿಟ್ಟು ಹೋಗಿ. ಹಿಂದಿನ ರಾತ್ರಿಯೇ ಬೆಂಗಳೂರಲ್ಲಿ ನೆಂಟರ ಮನೆಯಲ್ಲೋ ರಾಮನಗರದ ಕಡೆ ಲಾಡ್ಜಿನಲ್ಲೋ ಉಳಿಯೋದಾದರೆ ಧಾರಾಳವಾಗಿ ಕರೆದುಕೊಂಡು ಹೋಗಿ. ಪಾರ್ಕಿನದೇ ರೆಸಾರ್ಟ್ ಕೂಡ ಇದೆ, ಆದರೆ ಒಂಬತ್ತು ಜನಕ್ಕೆ ಅಂದರೆ ಜೇಬು ನೋಡಿಕೊಳ್ಳಬೇಕು. ಕರೆದುಕೊಂಡು ಹೋಗೋದು ಅಂತಾದರೆ ಟಿಟಿ ಹತ್ತುವ ಮುಂಚೆಯೇ ಎಲ್ಲರೆದುರು ಪಾಳಿ ಮಾಡಿಬಿಡಿ: ಹನ್ನೊಂದರಿಂದ ಒಂದು ಗಂಟೆ ಯಜಮಾನರು ಮಗಳ ಜೊತೆ, ಆಮೇಲೆ ಭಾವ, ಆಮೇಲೆ ನೀವು. ಅಲ್ಲಿ ಹೋದಮೇಲೆ ಮಾಡೋಣ ಅಂದರೆ ಆಗುವುದಿಲ್ಲ, ಬರೆದಿಟ್ಟುಕೊಳ್ಳಿ. ಬಿಟ್ಟು ಹೋಗೋದಾದರೆ "ಡಾಕ್ಟರ ಹತ್ತಿರ ಹೋಗಿ ಬರ್ತೀವಿ" ಅಂತ ಸುಳ್ಳು ಹೇಳಬೇಡಿ. ಸಂಜೆ ಅಣ್ಣ ಬಂದು ಎಲ್ಲ ಒದರಿಯೇ ಒದರುತ್ತಾನೆ, ಆಮೇಲೆ ನಿಜವಾಗಿಯೂ ಡಾಕ್ಟರ ಹತ್ತಿರ ಹೋಗಬೇಕಾದಾಗಲೂ ಅವಳು ನಂಬುವುದಿಲ್ಲ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಆರು ವರ್ಷ, ಒಳ್ಳೆ ಗಟ್ಟಿ ಹುಡುಗ, ಧೈರ್ಯಸ್ಥ. ಹೋದ ತಿಂಗಳು ಒಂದು ಪಾರ್ಕಿನಲ್ಲಿ ಎರಡು ಸೆಂಟಿಮೀಟರ್ ಕಡಿಮೆ ಅಂತ ಆಟಕ್ಕೆ ಬಿಡಲಿಲ್ಲ. ನಾನೇ ಪಕ್ಕದಲ್ಲಿ ಹಿಡಿದುಕೊಂಡು ಕೂರ್ತೀನಿ ಅಂದರೂ ಕೇಳಲಿಲ್ಲ. ದಪ್ಪ ಅಟ್ಟೆಯ ಶೂ ಹಾಕಿಸಿದರೆ ಆಗುತ್ತೆ ಅಂತ ಸ್ನೇಹಿತರು ಹೇಳ್ತಾರೆ. ಎರಡು ಸೆಂಟಿಮೀಟರ್‌ಗೆ ಇಷ್ಟೊಂದು ರಗಳೆ ಬೇಕಾ?
– ಒಬ್ಬ ತಂದೆ, ತುಮಕೂರು

ಉತ್ತರ: ಬೇಕು ಸಾರ್. ಆಟಕ್ಕೆ ಬಿಡದೇ ಇದ್ದ ಆ ಪಾರ್ಕಿನ ಕೆಲಸದ ಹುಡುಗನಿಗೆ ಮನಸ್ಸಲ್ಲೇ ಒಂದು ಥ್ಯಾಂಕ್ಸ್ ಹೇಳಿ.

ಪಕ್ಕದಲ್ಲಿ ಹಿಡಿದುಕೊಂಡು ಕೂರುತ್ತೇನೆ ಅನ್ನುವುದೇ ತೊಂದರೆಯ ಮೂಲ ಅಂದರೆ ನಂಬುತ್ತೀರಾ? ಎಷ್ಟೋ ಆಟಗಳಲ್ಲಿ ಇಬ್ಬರಿಗೂ ಸೇರಿ ತೊಡೆಯ ಮೇಲೆ ಬರುವುದು ಒಂದೇ ಕಬ್ಬಿಣದ ಸರಳು. ಅದು ಕೆಳಗೆ ಬಂದು ಎಲ್ಲಿ ನಿಲ್ಲುತ್ತದೆ? ದಪ್ಪ ತೊಡೆ ಯಾರದ್ದೋ ಅಲ್ಲಿ, ಅಂದರೆ ನಿಮ್ಮದಕ್ಕೆ ತಾಗಿ. ಮಗನ ತೊಡೆಗೂ ಸರಳಿಗೂ ಮಧ್ಯೆ ಒಂದು ಗೇಣು ಖಾಲಿ ಜಾಗ. ಗಾಡಿ ಗುಡ್ಡ ಹತ್ತಿ ಇಳಿಯುವಾಗ ಸೀಟಿನಿಂದ ಮೇಲಕ್ಕೆ ಎತ್ತಿದಂತೆ ಆಗುತ್ತಲ್ಲ, ಆಗ ಮಗು ಆ ಸಂದಿಯಲ್ಲಿ ಜಾರಬಹುದು. ಕೈಯಲ್ಲಿ ಹಿಡಿದುಕೊಂಡಿರುತ್ತೇನೆ ಅನ್ನುವುದು ಆ ವೇಗದಲ್ಲಿ ಮಾತಿಗಷ್ಟೇ. ಭುಜದ ಮೇಲಿಂದ ಬರುವ ಪಟ್ಟಿಯಾದರೂ ಅಷ್ಟೇ, ಅಳತೆಗಿಂತ ಚಿಕ್ಕವರಿಗೆ ಭುಜಕ್ಕೆ ಕೂರುವ ಬದಲು ಕಿವಿಗೆ, ಕೆನ್ನೆಗೆ ಬಡಿಯುತ್ತದೆ. ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕತ್ತು ಇನ್ನೂ ಎಳೆಯದು. ನಮಗೆ ಮಜಾ ಅನ್ನಿಸುವ ಒಂದು ಜರ್ಕು ಅವರಿಗೆ ಬೇರೆಯೇ.

ಎರಡು ಸೆಂಟಿಮೀಟರ್ ದೊಡ್ಡ ವಿಷಯವಲ್ಲ ಅಂತೀರಿ. ಶೂ ಹಾಕಿದರೆ ಬೆಳೆಯುವುದು ಅಟ್ಟೆ, ತೊಡೆಯಲ್ಲ, ಭುಜವೂ ಅಲ್ಲ. ಆರು ವರ್ಷದ ಹುಡುಗ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾನೆ. ಆರು ತಿಂಗಳು ಕಾಯಿರಿ, ಅಷ್ಟೇ ತಾನೇ. ಮತ್ತೆ, ಧೈರ್ಯಸ್ಥ ಅಂದಿರಲ್ಲ, ಧೈರ್ಯ ಇರುವ ಮಕ್ಕಳ ಬಗ್ಗೆಯೇ ನನಗೆ ಜಾಸ್ತಿ ಭಯ. ಹೆದರಿದವನು ಸರಳು ಬಿಗಿಯಾಗಿ ಹಿಡಿದುಕೊಂಡು ಕೂರುತ್ತಾನೆ, ಧೈರ್ಯಸ್ಥ ಎರಡೂ ಕೈ ಮೇಲೆತ್ತಿ ಎದ್ದು ನಿಲ್ಲೋಕೆ ನೋಡುತ್ತಾನೆ.

ಪ್ರಶ್ನೆ: ಎಂಟು ವರ್ಷದ ಮಗ ಎತ್ತರ ಇದ್ದಾನೆ, ಆದರೆ ಎಲ್ಲದಕ್ಕೂ ಹೆದರುತ್ತಾನೆ. ಒಂದು ಸಲ ಎಳೆದುಕೊಂಡು ಹೋಗಿ ಕೂರಿಸಿದರೆ ಹೆದರಿಕೆ ಬಿಟ್ಟುಹೋಗುತ್ತೆ ಅಂತ ಇವರು ಹೇಳ್ತಾರೆ. ನಿಜಾನಾ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ನನ್ನ ಮನೆಯ ಕತೆಯನ್ನೇ ಹೇಳುತ್ತೇನೆ. ನಮ್ಮ ಮಗನಿಗೆ ಆಗ ಐದು. ಒಂದು ಪಾರ್ಕಿನ ಭೂತಬಂಗಲೆಗೆ ಅವನನ್ನು ಎತ್ತಿಕೊಂಡು ನಾನೇ ಹೋದೆ. ಬಾಗಿಲಲ್ಲೇ "ಬೇಡ ಅಮ್ಮ" ಅಂದಿದ್ದ. "ಎಲ್ಲ ಬೊಂಬೆ ಕಣೋ, ಏನಾಗಲ್ಲ" ಅಂದೆ. ಒಳಗೆ ಕತ್ತಲು, ಒಂದು ತಿರುವಿನಲ್ಲಿ ಕೆಂಪು ಲೈಟು, ಪಕ್ಕದಿಂದ ಏನೋ ಬಂದು ಅವನ ಕಾಲು ಮುಟ್ಟಿತು. ಅವನು ಕಿರುಚಲಿಲ್ಲ. ನನ್ನ ಕತ್ತಿನ ಹತ್ತಿರ ಸೀರೆ ಹಿಡಿದುಕೊಂಡು ಉಸಿರು ಬಿಗಿಹಿಡಿದ, ಅಷ್ಟೇ. ಹೊರಗೆ ಬಂದಮೇಲೆ ಐಸ್‌ಕ್ರೀಮ್ ತಿಂದ, ನಾನು ಮರೆತೆ. ಆಮೇಲೆ ಮೂರು ತಿಂಗಳು ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗಲಿಲ್ಲ. "ಅಮ್ಮಾ, ಬಾಗಿಲಲ್ಲೇ ನಿಂತ್ಕೊ, ಮಾತಾಡ್ತಾ ಇರು" ಅಂತಿದ್ದ. ಬೊಂಬೆ ಅಂತ ನಮಗೆ ಗೊತ್ತು. ಐದು ವರ್ಷದವನಿಗೆ ಗೊತ್ತಿದ್ದರೂ ಗೊತ್ತಿಲ್ಲ.

ನಿಮ್ಮವನಿಗೆ ಎಂಟು, ಸ್ವಲ್ಪ ವ್ಯತ್ಯಾಸ ಇದೆ. ಎಳೆಯಬೇಡಿ, ಆದರೆ ಬಿಟ್ಟೂ ಬಿಡಬೇಡಿ. ಮೊದಲು ಯಾರಾದರೂ ಹೋಗಿ ಬರುವುದನ್ನು ಪೂರ್ತಿ ನೋಡಲಿ. ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ಅವನೇ ಎಣಿಸಲಿ. ಹೆಚ್ಚಿನ ಆಟಗಳು ಎರಡು ಮೂರು ನಿಮಿಷದಲ್ಲಿ ಮುಗಿಯುತ್ತವೆ. ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ. ಸಾಲಿನ ಕೊನೆಯಲ್ಲಿ ಬೇಡ ಅಂದರೂ ವಾಪಸ್ ಬರಬಹುದು ಅಂತ ಮುಂಚೆಯೇ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಅಪ್ಪ "ಹೆದರುಪುಕ್ಕಲ" ಅಂದರೆ ಅವತ್ತಿನ ದಿನ ಅಲ್ಲಿಗೇ ಮುಗಿಯಿತು. ಇದನ್ನು ಅವರಿಗೂ ಓದಿ ಹೇಳಿ.

ಪ್ರಶ್ನೆ: ನಮ್ಮೂರ ಮಾರಿಕಾಂಬಾ ಜಾತ್ರೆಗೆ ಬರುವ ಜೈಂಟ್ ವೀಲ್, ಟೊರಾ ಟೊರಾ ಎಲ್ಲದಕ್ಕೂ ಮೊಮ್ಮಗಳು ಹಟ ಹಿಡಿಯುತ್ತಾಳೆ. ಐದು ವರ್ಷ. ಅಲ್ಲಿ ಎತ್ತರದ ಬೋರ್ಡು ಗೀರ್ಡು ಏನೂ ಇರುವುದಿಲ್ಲ. ಹತ್ತಿಸಬಹುದಾ?
– ಒಬ್ಬ ಅಜ್ಜ, ಶಿರಸಿ

ಉತ್ತರ: ಅಜ್ಜಾ, ಬೋರ್ಡು ಇಲ್ಲದ ಕಡೆ ನೀವೇ ಬೋರ್ಡು ಆಗಬೇಕು. ಪುಟಾಣಿ ರೈಲು, ಕುದುರೆ ಸುತ್ತುವ ತೊಟ್ಟಿಲು, ಇವಕ್ಕೆ ಹತ್ತಿಸಿ. ಗರಗರ ಸುತ್ತಿಸುವ ಟೊರಾ ಟೊರಾ ಬೇಡ, ದೋಣಿ ಹಾಗೆ ತೂಗುವ ಕೊಲಂಬಸ್ಸೂ ಬೇಡ.

ಜೈಂಟ್ ವೀಲಿನ ಬಗ್ಗೆ ಖಡಾಖಂಡಿತ ಬೇಡ ಅನ್ನಲಾರೆ, ನಾನೂ ಅದರಲ್ಲಿ ಕೂತು ಬೆಳೆದವಳೇ. ಆದರೆ ಹತ್ತುವ ಮುಂಚೆ ಎರಡು ಸುತ್ತು ನಿಂತು ನೋಡಿ. ತೊಟ್ಟಿಲಿನ ಬಾಗಿಲಿಗೆ ಸರಿಯಾದ ಚಿಲಕ ಇದೆಯಾ, ಹಗ್ಗ ಕಟ್ಟಿದ್ದಾರಾ? ಕೆಳಗೆ ಹಲಗೆ ಕೊಟ್ಟಿರುವ ಜಾಗ ಚಕ್ರ ತಿರುಗುವಾಗ ಅಲುಗಾಡುತ್ತಿದೆಯಾ? ಓಡಿಸುವವನು ಚಕ್ರ ನೋಡುತ್ತಿದ್ದಾನಾ, ಮೊಬೈಲು ನೋಡುತ್ತಿದ್ದಾನಾ? ಒಂದು ಸರಿ ಇಲ್ಲ ಅನಿಸಿದರೂ ಬತ್ತಾಸು ಕೊಡಿಸಿ ಮುಂದೆ ಕರೆದುಕೊಂಡು ಹೋಗಿ. ತಿಂಗಳುಗಟ್ಟಲೆ ಒಂದೇ ಕಡೆ ನಿಂತಿರುವ ಆಟವೂ ಕೈಕೊಡುತ್ತದೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಂಕರಿಯಾ ಕೆರೆಯ ಪಾರ್ಕಿನಲ್ಲಿ, ಗಡಿಯಾರದ ಲೋಲಕದಂತೆ ತೂಗುವ ಆಟವೊಂದು ಮುರಿದು ಬಿದ್ದು ಇಬ್ಬರು ಸತ್ತರು, ಹತ್ತಾರು ಜನರಿಗೆ ಪೆಟ್ಟಾಯಿತು. ಊರೂರಿಗೆ ಬಿಚ್ಚಿ ಕಟ್ಟುವ ಆಟದಲ್ಲಿ ನಟ್ಟು ಬೋಲ್ಟುಗಳನ್ನು ಪ್ರತಿ ಸಲ ಹೊಸದಾಗಿ ಬಿಗಿಯಬೇಕು. ಬಿಗಿದರೇ ಇಲ್ಲವೇ ಅಂತ ನಮಗೆ ಕಾಣುವುದಿಲ್ಲ.

ಹತ್ತಿಸಿದರೆ ಅವಳ ಪಕ್ಕ ದೊಡ್ಡವರೊಬ್ಬರು ಇರಲೇಬೇಕು. ಜಾತ್ರೆ ಅಂತ ಉದ್ದ ಜಡೆ, ಮೇಲೆ ಹೂವು, ಉದ್ದ ಲಂಗ ಹಾಕಿಸಿರುತ್ತೀರಿ. ಜಡೆಯನ್ನು ಸುತ್ತಿ ಮೇಲೆ ಕಟ್ಟಿ, ಲಂಗವನ್ನು ಮಡಚಿ ತೊಡೆ ಕೆಳಗೆ ಸೇರಿಸಿ. ತಿರುಗುವ ಯಂತ್ರಕ್ಕೆ ಕೂದಲು ಸಿಕ್ಕಿಕೊಳ್ಳುವುದಕ್ಕಿಂತ ಘೋರ ಇನ್ನೊಂದಿಲ್ಲ. ಪಕ್ಕ ಕೂರುವವರ ದುಪಟ್ಟಾಕ್ಕೂ ಇದೇ ಮಾತು.

ಪ್ರಶ್ನೆ: ಮೂರು ವರ್ಷದವನನ್ನು ವಾಟರ್ ಪಾರ್ಕಿಗೆ ಕರೆದೊಯ್ಯುತ್ತಿದ್ದೇವೆ. ತೋಳಿಗೆ ಹಾಕುವ ಗಾಳಿ ಟ್ಯೂಬ್ ತಂದಿದ್ದೇವೆ, ಸಾಕಲ್ವಾ?
– ಒಬ್ಬ ಓದುಗರು, ಮಂಡ್ಯ

ಉತ್ತರ: ಸಾಲದು. ಅದು ಆಟದ ಸಾಮಾನು, ಜಾರಿ ಹೋಗುತ್ತದೆ, ಗಾಳಿ ಇಳಿಯುತ್ತದೆ. ನಿಮ್ಮ ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ ಒಬ್ಬರು ನೀರಿನಲ್ಲೇ ಇರಬೇಕು, ದಡದಲ್ಲಿ ಕೂತು ನೋಡುತ್ತಾ ಅಲ್ಲ. ಮುಳುಗುವ ಮಗು ಕೂಗುವುದಿಲ್ಲ, ನೀರು ಬಡಿಯುವುದಿಲ್ಲ, ಸುಮ್ಮನೆ ಕೆಳಗೆ ಹೋಗುತ್ತದೆ. ಅಲೆ ಬರುವ ಕೊಳಕ್ಕೆ ಮೂರು ವರ್ಷದವನನ್ನು ಇಳಿಸಲೇಬೇಡಿ.

ಬಟ್ಟೆಯ ವಿಷಯ: ಇಂಥ ಕಡೆ ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ, ನೈಲಾನ್ ಥರದ್ದೇ ಬೇಕು. ಅಲ್ಲೇ ಕೊಳ್ಳೋಣ ಅಂತ ಹೋದರೆ ದುಬಾರಿ, ಮಂಡ್ಯದಲ್ಲೇ ತಗೊಳ್ಳಿ. ನೀಲಿ ಬಣ್ಣದ್ದು ಮಾತ್ರ ಬೇಡ. ಕೊಳದ ತಳವೂ ನೀಲಿ, ನೀರೊಳಗೆ ಮಗು ಕಾಣುವುದೇ ಇಲ್ಲ. ಕಣ್ಣಿಗೆ ರಾಚುವ ಕಿತ್ತಳೆಯೋ ಗುಲಾಬಿಯೋ ಇರಲಿ, ಗಂಡು ಹುಡುಗನಿಗೆ ಗುಲಾಬಿನಾ ಅಂತ ಅಂಗಡಿಯವನು ನಕ್ಕರೆ ನಗಲಿ ಬಿಡಿ.