28 ಅಡಿ ಆರ್‌ವಿ ಲೋಗನ್ ಪಾಸ್ ದಾಟಲ್ಲ, ಆದ್ರೆ ದಾರಿ ಇದೆ

ಜುಲೈನಲ್ಲಿ ಅಪ್ಪ ಅಮ್ಮನ ಜೊತೆ 28 ಅಡಿ ಆರ್‌ವಿ (ಮಲಗಲು, ಅಡುಗೆಗೆ ಜಾಗ ಇರುವ ಮನೆಯಂಥ ಗಾಡಿ) ಬಾಡಿಗೆಗೆ ತಗೊಂಡು ಅಮೆರಿಕದ ಮೊಂಟಾನಾದ ಗ್ಲೇಸಿಯರ್ ಪಾರ್ಕಿಗೆ ಹೋಗ್ತೀವಿ, ಲೋಗನ್ ಪಾಸ್ ಎಂಬ ಬೆಟ್ಟದ ಕಣಿವೆ ಹಾದು ಪಾರ್ಕನ್ನು ದಾಟುವ ಗೋಯಿಂಗ್-ಟು-ದ-ಸನ್ ರಸ್ತೆ ಪೂರ್ತಿ ದಾಟಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಆ ರಸ್ತೆಯಲ್ಲಿ ಅವಲಾಂಚ್ ಕ್ಯಾಂಪ್‌ಗ್ರೌಂಡ್‌ನಿಂದ ರೈಸಿಂಗ್ ಸನ್ ತನಕ 21 ಅಡಿಗಿಂತ ಉದ್ದ ಅಥವಾ 8 ಅಡಿಗಿಂತ ಅಗಲದ ಗಾಡಿ ಬಿಡುವುದಿಲ್ಲ. ಬಂಪರ್, ಕನ್ನಡಿ ಎಲ್ಲಾ ಸೇರಿಸಿಯೇ ಆ ಲೆಕ್ಕ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಮಧ್ಯೆ ಕಿರಿದಾದ ರಸ್ತೆ. ನಿಯಮ ಸುಮ್ನೆ ಮಾಡಿದ್ದಲ್ಲ.

ಬೇಜಾರಾಗಬೇಡಿ. ಗಾಡಿಯನ್ನು ಕ್ಯಾಂಪ್‌ನಲ್ಲೇ ಬಿಟ್ಟು ಕೆಂಪು ಬಸ್ ಟೂರ್ ಬುಕ್ ಮಾಡಿ. 1930ರ ದಶಕದ ಹಳೇ ಬಸ್ಸುಗಳು, ಮೇಲಿನ ಬಟ್ಟೆ ಹೊದಿಕೆ ಸುತ್ತಿಟ್ಟರೆ ಪೂರ್ತಿ ಬಯಲು. 6,646 ಅಡಿ ಎತ್ತರದ ಲೋಗನ್ ಪಾಸ್ ತನಕ ಹೋಗುತ್ತವೆ. ಹಿರಿಯರಿಗೆ ನಡಿಗೆ ಕಡಿಮೆ, ನಿಮಗೂ ಸ್ಟೇರಿಂಗ್ ಬಿಟ್ಟು ಬೆಟ್ಟ ನೋಡಲು ಪುರುಸೊತ್ತು. ನನ್ನ ಕೇಳಿದರೆ ಸ್ವಂತ ಗಾಡಿಗಿಂತ ಇದೇ ವಾಸಿ.

ಪೂರ್ವದ ಸೇಂಟ್ ಮೇರಿ ಕಡೆಗೂ ಹೋಗಬೇಕಾದರೆ ಪಾರ್ಕಿನ ದಕ್ಷಿಣದ ಅಂಚಿನಲ್ಲಿರುವ ಯುಎಸ್ 2 ಹೆದ್ದಾರಿ ಹಿಡಿಯಿರಿ. ಅದು ದಾಟುವ ಮರಾಯಸ್ ಪಾಸ್ 5,213 ಅಡಿ ಅಷ್ಟೇ, ಏರು ನಿಧಾನ. ದಾರಿಯಲ್ಲಿ ಸಿಗುವ ಈಸ್ಟ್ ಗ್ಲೇಸಿಯರ್ ಊರಿನಲ್ಲಿ ಮ್ಯಾಪ್ ಹತ್ತಿರ ಅಂತ 49ನೇ ಹೆದ್ದಾರಿ ತೋರಿಸಿದರೆ ನಂಬಬೇಡಿ, ಅದೂ ಅಂಕುಡೊಂಕು. ಬ್ರೌನಿಂಗ್ ಊರಿನ ಮೇಲೆ ಹೋಗಿ ಯುಎಸ್ 89 ಹೆದ್ದಾರಿಗೆ ಸೇರಿಕೊಳ್ಳಿ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇರಬೇಡಿ, ಬಿಸಿಯಾಗುತ್ತದೆ. ಕೆಳಗಿನ ಗೇರ್ ಸಾಕು.

ಅಮ್ಮ ಸಾರು ಮಾಡಿದ ಪಾತ್ರೆ ಹೊರಗಿನ ಮೇಜಿನ ಮೇಲೆ ಬಿಡಬಾರದು. ಕರಡಿ ವಾಸನೆ ಹಿಡಿದು ಬರುತ್ತದೆ. ಕೂಲರ್, ಒಲೆ, ಕಸ ಎಲ್ಲಾ ಗಾಡಿಯೊಳಗೆ. ಕ್ಯಾಂಪ್ ಜಾಗ ಇನ್ನೂ ಬುಕ್ ಆಗಿಲ್ಲದಿದ್ದರೆ ಇವತ್ತೇ ನೋಡಿ, ಉದ್ದದ ಗಾಡಿಗೆ ಹಿಡಿಸುವ ಜಾಗ ಜಾಸ್ತಿ ಇಲ್ಲ.