30 ದಿನದಲ್ಲಿ ಕಾದಂಬರಿ ಬರೆಯುವ ಸವಾಲಿಗೆ ಸೇರಬೇಕೇ, ಬೇಡವೇ?

ನೀವು ಹೇಳಿದ ಪರಿಸ್ಥಿತಿ ಇಷ್ಟು: ಮನೆ ಉಡುಪಿ, ಕೆಲಸ ಮಂಗಳೂರು, ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಹೋಗುತ್ತದೆ. ಗೆಳೆಯರ ವಾಟ್ಸ್ಆ್ಯಪ್ ಗುಂಪು ನವೆಂಬರ್ 1ರಿಂದ 30ರೊಳಗೆ 50,000 ಪದಗಳ ಕಾದಂಬರಿ ಬರೆಯಲು ಹೊರಟಿದೆ. ತಲೆಯಲ್ಲಿ ಒಂದು ಕಥೆ ಇದೆ, ಕನ್ನಡದಲ್ಲೇ ಬರೆಯಬೇಕು. ಸೇರಲೇ ಎಂಬುದು ಪ್ರಶ್ನೆ.

ಸೇರಿ. ಆದರೆ ಆ ತಿಂಗಳಲ್ಲಿ ಬೇಡ, ಆ ಅಂಕಿಯೂ ಬೇಡ. ಎರಡೂ ಬೇರೆ ಊರಿನ, ಬೇರೆ ಭಾಷೆಯ ಅಳತೆಗೆ ಹೊಲಿದ ಅಂಗಿ.

ಈ ಸವಾಲು ಶುರುವಾದದ್ದು 1999ರ ಜುಲೈಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕಡೆ. ಕ್ರಿಸ್ ಬೇಟಿ ಎಂಬವರು ಶುರುಮಾಡಿದ್ದು, ಬರೆಯಲು ಕೂತವರು 21 ಮಂದಿ. ಮರುವರ್ಷ ಅದನ್ನು ನವೆಂಬರಿಗೆ ಒಯ್ದರು. ಅಲ್ಲಿ ಆ ತಿಂಗಳ ಹವೆ ಕೆಟ್ಟದ್ದು, ಹೊರಗೆ ಹೋಗುವ ಮನಸ್ಸಾಗುವುದಿಲ್ಲ, ಮನೆಯೊಳಗೆ ಕೂತು ಬರೆಯಬಹುದು ಎಂಬುದೇ ಕಾರಣ. ನ್ಯಾನೊರೈಮೊ ಎಂಬ ಹೆಸರಲ್ಲಿ ಇದನ್ನು ನಡೆಸುತ್ತಿದ್ದ ಸಂಸ್ಥೆ ಬಾಗಿಲು ಮುಚ್ಚುವುದಾಗಿ 2025ರ ಮಾರ್ಚ್ ಕೊನೆಯಲ್ಲಿ ಹೇಳಿತು. ಹಾಗಾಗಿ ಈಗ ನವೆಂಬರನ್ನೇ ಹಿಡಿದುಕೊಳ್ಳಬೇಕಾದ ಹಂಗು ಯಾರಿಗೂ ಇಲ್ಲ.

ನಮ್ಮ ಕರಾವಳಿಯ ನವೆಂಬರ್ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ದೀಪಾವಳಿ ಅಕ್ಟೋಬರಿನಲ್ಲೇ ಮುಗಿದಿದ್ದರೂ ಅದರ ಬೆನ್ನಿಗೆ ತುಳಸಿ ಪೂಜೆ, ಮದುವೆಯ ಮುಹೂರ್ತಗಳು, ಧರ್ಮಸ್ಥಳದ ಲಕ್ಷದೀಪ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಹರಕೆ ಆಟದ ಹೇಳಿಕೆ ಬರುತ್ತದೆ, ಕಂಬಳದ ಋತು ತೆರೆಯುತ್ತದೆ. ರಾತ್ರಿ ಆಟ ನೋಡಿ ಬಂದವರು ಮರುದಿನ 1,667 ಪದ ಬರೆಯುವುದಿಲ್ಲ ಮಾರಾಯ್ರೆ. ಕ್ರಿಸ್ ಬೇಟಿಯವರ ತರ್ಕವನ್ನೇ ಇಲ್ಲಿಗೆ ಹಚ್ಚಿದರೆ ನಮಗೆ ಸಿಗುವುದು ತುಳು ತಿಂಗಳಾದ ಆಟಿ: ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಆಟದ ಋತು ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಳಗಳು ಇನ್ನೂ ಹೊರಟಿಲ್ಲ, ಹೊರಗೆ ಬಿಡದ ಮಳೆ. ಆಟಿ ಅಮಾವಾಸ್ಯೆಗೆ ಒಂದು ಬೆಳಿಗ್ಗೆ, ಕೆಲವು ವರ್ಷ ನಾಗರಪಂಚಮಿಗೆ ಒಂದು ದಿನ ಹೋಗುತ್ತದೆ, ಅಷ್ಟೇ. ಗಾಳಿಮಳೆಗೆ ಕರೆಂಟು ಹೋಗುವುದೊಂದೇ ತೊಂದರೆ. ಲ್ಯಾಪ್‌ಟಾಪನ್ನು ಚಾರ್ಜ್ ಮಾಡಿಟ್ಟುಕೊಂಡು, ಪಕ್ಕದಲ್ಲಿ ನೋಟ್‌ಬುಕ್ಕೊಂದು ಇದ್ದರೆ ಅದಕ್ಕೂ ದಾರಿ ಉಂಟು. ಬಾಲ್‌ಪೆನ್ನೇ ಇರಲಿ, ತೇವ ಕುಡಿದ ಕಾಗದದಲ್ಲಿ ಜೆಲ್ ಶಾಯಿ ಹರಡುತ್ತದೆ.

ಇನ್ನು ಅಂಕಿ. 50,000 ಎಂಬುದು ಇಂಗ್ಲಿಷಿನ ಲೆಕ್ಕ. ಅಲ್ಲಿ ಏಳು ಪದ ಹಿಡಿಯುವುದನ್ನು ನಾವು ‘ಮನೆಯಲ್ಲಿದ್ದವನಿಗೆ’ ಎಂದು ಒಂದೇ ಪದದಲ್ಲಿ ಮುಗಿಸುತ್ತೇವೆ. ವಿಭಕ್ತಿ, ಸಂಧಿ, ಸಹಾಯಕ ಕ್ರಿಯಾಪದ ಎಲ್ಲ ಅಂಟಿಕೊಂಡೇ ಬರುವ ಭಾಷೆಯಲ್ಲಿ ಅಷ್ಟೇ ಕಥೆಗೆ ಪದಗಳು ತೀರಾ ಕಡಿಮೆ ಸಾಕು. ಡೆಮಿ ಅಷ್ಟದಳದ, ಅಂದರೆ ಕನ್ನಡ ಕಾದಂಬರಿಗಳ ಮಾಮೂಲು ಅಳತೆಯ ಪುಟದಲ್ಲಿ 30 ಸಾಲು, ಸಾಲಿಗೆ ಏಳೆಂಟು ಪದ ಎಂದು ಹಿಡಿದರೆ ಪುಟಕ್ಕೆ 210ರಿಂದ 240 ಪದ. 30,000 ಪದ ಬರೆದರೆ 125ರಿಂದ 143 ಪುಟದ ಪುಸ್ತಕ, ಅಂದರೆ ಮೊದಲ ಕಾದಂಬರಿಗೆ ಸಾಕಷ್ಟಾಯಿತು. 50,000 ಎಂದರೆ 200 ಪುಟ ದಾಟುತ್ತದೆ. ಅಂಕಿ ತಲುಪಲೆಂದು ‘ಹೋಗಿಬಿಟ್ಟಿದ್ದಾನೆ’ ಎಂಬುದನ್ನು ‘ಹೋಗಿ ಬಿಟ್ಟಿದ್ದಾನೆ’ ಎಂದು ಒಡೆಯುವ ಚಾಳಿ ಒಮ್ಮೆ ಹತ್ತಿತೆಂದರೆ ಗದ್ಯದ ಉಸಿರೇ ಕೆಡುತ್ತದೆ, ಆಮೇಲೆ ತಿದ್ದುವುದು ದೊಡ್ಡ ತಲೆನೋವು.

ಹಾಗಾಗಿ ಗುರಿ 30,000 ಇಡಿ. ಅದನ್ನು 30ರಿಂದಲ್ಲ, 25ರಿಂದ ಭಾಗಿಸಿ: ದಿನಕ್ಕೆ 1,200. ಐದು ದಿನ ಜ್ವರಕ್ಕೆ, ನೆಂಟರಿಗೆ, ಕರೆಂಟಿಗೆ ಮೀಸಲು. ಆ ಐದನ್ನೂ ಮೊದಲ ವಾರದಲ್ಲೇ ಖರ್ಚು ಮಾಡಿದವರು ಸಾಮಾನ್ಯವಾಗಿ ಮುಗಿಸುವುದಿಲ್ಲ. ಭಾನುವಾರ ಎಲ್ಲ ಸರಿದೂಗಿಸುತ್ತೇನೆ ಎಂಬ ಲೆಕ್ಕವೂ ನಡೆಯುವುದಿಲ್ಲ. ಒಂದು ದಿನದಲ್ಲಿ ಎರಡು ದಿನದ ಪಾಲು ಬರೆಯಬಹುದು, ನಾಲ್ಕು ದಿನದ್ದು ಆಗದು.

ನಿಮ್ಮಿಂದ ಆಗುತ್ತದೋ ಇಲ್ಲವೋ ತಿಳಿಯಲು ಗುಂಪಿಗೆ ಉತ್ತರ ಕೊಡುವ ಮೊದಲು ನಾಲ್ಕು ದಿನ, ದಿನಕ್ಕೆ 45 ನಿಮಿಷ ಬರೆದು ನೋಡಿ. ಆ ಕಾದಂಬರಿಯನ್ನಲ್ಲ, ಬೇರೆ ಏನಾದರೂ. ಮೊದಲ ದಿನದ ಅಂಕಿ ಬಿಟ್ಟುಬಿಡಿ, ಅದು ಉತ್ಸಾಹದ್ದು. ಉಳಿದ ಮೂರರ ಸರಾಸರಿ 500 ಇದ್ದರೆ 1,200 ಪದಕ್ಕೆ ಎರಡು ಗಂಟೆಯೊಳಗೆ ಸಾಕು, ಧೈರ್ಯವಾಗಿ ಸೇರಿ. ಸರಾಸರಿ 300 ಆದರೆ ದಿನಕ್ಕೆ ಮೂರು ಗಂಟೆ ಬೇಕು. ಮೂರು ಗಂಟೆ ಬಸ್ಸಿಗೆ ಕೊಡುವ ನಿಮಗೆ ಅದು ಸಾಧ್ಯವಿಲ್ಲ, ಅವಧಿಯನ್ನು 60 ದಿನ ಮಾಡಿಕೊಳ್ಳಿ. ಬಸ್ಸಿನ ಸಮಯವನ್ನು ಬರವಣಿಗೆಯ ಲೆಕ್ಕಕ್ಕೆ ಸೇರಿಸಬೇಡಿ. ಎಕ್ಸ್‌ಪ್ರೆಸ್ ಬಸ್ಸಿನ ಕುಲುಕಾಟದಲ್ಲಿ ಫೋನ್ ನೋಡುತ್ತ ಟೈಪ್ ಮಾಡಿದರೆ ಪಡುಬಿದ್ರಿ ಬರುವಷ್ಟರಲ್ಲಿ ತಲೆ ತಿರುಗುತ್ತದೆ. ಆ ಹೊತ್ತು ಮರುದಿನದ ದೃಶ್ಯ ಯೋಚಿಸಲು ಒಳ್ಳೆಯದು. ಇಳಿಯುವ ಮೊದಲು ಮೂರು ಸಾಲು ಟಿಪ್ಪಣಿ ಸಾಕು: ಯಾರಿಗೆ ಏನು ಬೇಕಾಗಿದೆ, ತಡೆಯುವವರು ಯಾರು, ಕೊನೆಗೆ ಏನು ಬದಲಾಗಿದೆ.

ಇದೇ ಮೂರು ಸಾಲು ನಿಮ್ಮ ಕಥೆಯ ಪರೀಕ್ಷೆಯೂ ಹೌದು. ಶುರುಮಾಡುವ ಮೊದಲು ಇಂಥ 25 ದೃಶ್ಯಗಳ ಪಟ್ಟಿ ಮಾಡಿ. ಹನ್ನೆರಡಕ್ಕಿಂತ ಮುಂದೆ ಹೋಗಲಿಲ್ಲ ಎಂದರೆ ನಿಮ್ಮಲ್ಲಿರುವುದು ಸಣ್ಣಕಥೆ ಅಥವಾ ಬರೀ ಹಿನ್ನೆಲೆ. ನಮ್ಮ ಕಡೆಯ ಹಸ್ತಪ್ರತಿಗಳು ಹೆಚ್ಚಾಗಿ ನಿಲ್ಲುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಗುತ್ತಿನ ಮನೆ (ಊರಿನ ಹಳೆಯ ಯಜಮಾನಿಕೆಯ ಮನೆ), ಭೂತದ ಕೋಲ, ಆಟಿ ಅಮಾವಾಸ್ಯೆಯ ಹಾಳೆಮರದ ಕಷಾಯ, ಅಜ್ಜಿಯ ಪತ್ರೊಡೆ ಎಲ್ಲ ಮೊದಲ 8,000 ಪದದಲ್ಲಿ ಮುಗಿದುಹೋಗುತ್ತದೆ. ಆಮೇಲೆ ಆ ಮನೆಯೊಳಗೆ ಯಾರಿಗೂ ಏನೂ ಬೇಕಾಗಿಲ್ಲ ಎಂಬುದು ಗೊತ್ತಾಗುತ್ತದೆ. ಎರಡನೆಯ ವಾರದಲ್ಲಿ ಕೈ ನಿಲ್ಲುವುದು ಇದಕ್ಕೇ, ಸೋಮಾರಿತನಕ್ಕಲ್ಲ. ಆಸ್ತಿ ಪಾಲು ಕೇಳಲು ಮುಂಬೈಯಿಂದ ಬಂದವನೊಬ್ಬ ಮೊದಲ ದೃಶ್ಯದಲ್ಲೇ ಜಗಲಿ ಹತ್ತಿದರೆ ಅದೇ ಗುತ್ತಿನ ಮನೆ 30,000 ಪದ ಎಳೆಯುತ್ತದೆ.

ಮೊದಲ ದಿನಕ್ಕೆ ಮುಂಚೆ ತೀರ್ಮಾನಿಸಲೇಬೇಕಾದದ್ದು ಮಾತಿನ ರೀತಿ. ಪಾತ್ರಗಳು ಕುಂದಾಪ್ರ ಕನ್ನಡದಲ್ಲಿ ಮಾತಾಡುತ್ತವೆಯೋ, ಮಂಗಳೂರು ಕನ್ನಡದಲ್ಲೋ, ತುಳುವಿನಲ್ಲೋ? ತುಳುವಾದರೆ ಪೂರ್ತಿ ಸಂಭಾಷಣೆಯೋ, ಅಲ್ಲೊಂದು ಇಲ್ಲೊಂದು ಮಾತೋ? ಬರೆಯುವ ಕ್ರಮವೂ ಒಂದೇ ಇರಬೇಕು. ತುಳುವಿನ ಕೊನೆಯ ಅರ್ಧ ಉಕಾರವನ್ನು ‘ಕಣ್ಣ್’ ಎಂದು ಅರ್ಧಾಕ್ಷರದಲ್ಲಿ ಬರೆಯುವವರಿದ್ದಾರೆ, ‘ಕಣ್ಣು’ ಎಂದು ಬರೆಯುವವರೂ ಇದ್ದಾರೆ. ಕುಂದಾಪ್ರ ಕನ್ನಡದಲ್ಲೂ ‘ಹೋಗಬೇಕು’ ಎನ್ನಲು ‘ಹೋಯ್ಕ್’ ಮತ್ತು ‘ಹೋಯ್ಕು’ ಎರಡೂ ಒಂದೇ ಬಾಯಲ್ಲಿ ಬಂದರೆ ಓದುಗನಿಗೆ ಪಾತ್ರದ ಊರೇ ಬದಲಾದಂತೆ ಕಾಣುತ್ತದೆ. ಒಂದು ಹಾಳೆಯಲ್ಲಿ ಇಪ್ಪತ್ತು ರೂಪಗಳನ್ನು ಬರೆದು ಗೋಡೆಗೆ ಅಂಟಿಸಿದರೆ ಮಧ್ಯದಲ್ಲಿ ನಿಂತು ಯೋಚಿಸಬೇಕಾಗಿಲ್ಲ.

ಪಾತ್ರಗಳ ಹೆಸರನ್ನೂ ಆಗಲೇ ಗಟ್ಟಿ ಮಾಡಿ. ಕಂಪ್ಯೂಟರ್ ಒಂದೇ ಏಟಿಗೆ ಬದಲಾಯಿಸುತ್ತದೆ ಎಂಬ ಭರವಸೆ ಕನ್ನಡದಲ್ಲಿ ಕೈಕೊಡುತ್ತದೆ. ‘ರಾಮ’ನನ್ನು ‘ಗಿರಿ’ ಮಾಡಲು ಹೋದರೆ ‘ಗ್ರಾಮ’ ‘ಗ್ಗಿರಿ’ ಆಗುತ್ತದೆ, ‘ಆರಾಮ’ ‘ಆಗಿರಿ’ ಆಗುತ್ತದೆ, ‘ರಾಮನಿಗೆ’ ಎಂಬುದು ‘ಗಿರಿನಿಗೆ’ ಆಗಿ ಕೂತಿರುತ್ತದೆ. 130 ಪುಟ ಕೈಯಲ್ಲಿ ತಿದ್ದಬೇಕು.

ಟೈಪಿಂಗಿಗೆ ಯೂನಿಕೋಡ್ ಮಾತ್ರ, ಅಂದರೆ ಫೋನು, ಕಂಪ್ಯೂಟರ್ ಎಲ್ಲದರಲ್ಲೂ ಓದಬಹುದಾದ ಅಕ್ಷರ ಸಂಕೇತ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದು ಫೋನಿನಲ್ಲಿ ತೆರೆದರೆ ಗೊಜ್ಜಾಗಿ ಕಾಣುತ್ತದೆ, ಹುಡುಕಲೂ ಆಗುವುದಿಲ್ಲ. ಕೀಲಿಮಣೆ ಕಲಿಯುವುದಿದ್ದರೆ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ತಿಂಗಳು ಮುಂಚೆ ಕಲಿಯಿರಿ, ಸವಾಲಿನ ನಡುವೆ ಕಲಿಯಲು ಹೊರಡಬೇಡಿ. ಧ್ವನಿ ಟೈಪಿಂಗ್ ಗ್ರಾಂಥಿಕ ಕನ್ನಡದ ನಿರೂಪಣೆಗೆ ಪರವಾಗಿಲ್ಲ. ಕುಂದಾಪ್ರ ಸಂಭಾಷಣೆಯನ್ನು ಮಾತ್ರ ಅದು ಬೆಂಗಳೂರಿಗೆ ಸಾಗಹಾಕುತ್ತದೆ, ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಏನನ್ನೂ ಕೇಳಿಸಿಕೊಳ್ಳುವುದಿಲ್ಲ.

ಬರೆಯುವಾಗ ನಿನ್ನೆಯ ಕೊನೆಯ ಪ್ಯಾರಾ ಮಾತ್ರ ಓದಿ ಮುಂದೆ ಹೋಗಿ, ಮೊದಲಿನಿಂದ ಓದಲು ಕೂತರೆ ತಿದ್ದುವುದರಲ್ಲೇ ಹೊತ್ತು ಹೋಗುತ್ತದೆ. ಗೊತ್ತಿಲ್ಲದ ವಿವರ ಬಂದಲ್ಲಿ, ಉದಾಹರಣೆಗೆ ಭೂಸುಧಾರಣೆಯ ಅರ್ಜಿಯ ಕ್ರಮವೋ ದೋಣಿಯ ಇಂಜಿನ್ನಿನ ಭಾಗವೋ, ## ಎಂದು ಗುರುತು ಹಾಕಿ ದಾಟಿಬಿಡಿ. ತಿಂಗಳು ಕಳೆದ ಮೇಲೆ ಆ ಗುರುತುಗಳನ್ನು ಹುಡುಕಿ ತುಂಬಿದರಾಯಿತು.

ಇಷ್ಟೆಲ್ಲ ಕೇಳಿಯೂ ಗೆಳೆಯರು ನವೆಂಬರೇ ಎಂದು ಹಟ ಹಿಡಿದರೆ ಹೋಗಿ, ಆದರೆ 15,000 ಪದದ ಕಿರುಕಾದಂಬರಿಗೆ ಎಂದು ಮೊದಲೇ ಗುಂಪಿನಲ್ಲಿ ಹೇಳಿಬಿಡಿ. ದಿನಕ್ಕೆ 600 ಪದವಾದರೆ ಆಟ ನೋಡಿ ಬಂದ ಮರುದಿನವೂ ಬರೆಯಬಹುದು. ವಾಕ್ಯ ವಾಕ್ಯವನ್ನೂ ಒರೆಹಚ್ಚಿ ಮುಂದೆ ಹೋಗುವ ಸ್ವಭಾವ ನಿಮ್ಮದಾಗಿದ್ದರೆ ಮಾತ್ರ ಯಾವ ತಿಂಗಳಲ್ಲೂ ಈ ಗೊಡವೆ ಬೇಡ. ಈ ಕ್ರಮದಲ್ಲಿ ಸಿಗುವುದು ಒರಟು ಕರಡು, ಅದನ್ನು ತಿದ್ದಲು ಬರೆದುದಕ್ಕಿಂತ ಎರಡು ಮೂರು ಪಟ್ಟು ಸಮಯ ಬೇಕಾಗುತ್ತದೆ. ಮುದ್ರಣಕ್ಕೆ ಕೊಡುವಾಗ ಪುಟ ಕಟ್ಟುವವರು ಯೂನಿಕೋಡನ್ನು ಹಳೆಯ ನುಡಿಗೆ ಬದಲಾಯಿಸಿಕೊಂಡರೆ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಡುವುದುಂಟು, ಕರಡು ತಿದ್ದುವಾಗ ನಿಮ್ಮ ತುಳು ಸಂಭಾಷಣೆಯ ಅರ್ಧಾಕ್ಷರಗಳನ್ನು ಮೊದಲು ನೋಡಿ.