ಕೊನೆಗೆ ಉಣ್ಣುವವಳ ತಟ್ಟೆ

"ಮೇಡಂ, ನಾನು ನಮ್ಮನೇಲೇ ಕದ್ದು ತಿಂತೀನಿ."

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದು ಕೂತು ಎರಡು ನಿಮಿಷ ಆಗಿರಲಿಲ್ಲ, ಆಕೆ ಹೇಳಿದ ಮೊದಲ ಮಾತು ಇದು. ಫೋನಿನಲ್ಲಿ ಹೇಳಿದ್ದು ಬೇರೆ. ತೂಕ ಇಳಿಸಬೇಕು, ಬಾಯಿ ಕಟ್ಟೋಕೆ ಆಗ್ತಿಲ್ಲ, ಮನಸ್ಸು ಗಟ್ಟಿ ಆಗೋಕೆ ಏನಾದರೂ ಹೇಳಿಕೊಡಿ ಅಂತ.

ಹೆಸರು ಬರೆಯುವುದಿಲ್ಲ. ಆಕೆಯ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗಬಾರದು ಅಂತ ಮನೆಯ ಮತ್ತು ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ತುಮಕೂರಿನವರು, ವಯಸ್ಸು 37. ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ, ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ. ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳು. ಎತ್ತರ 155 ಸೆಂ.ಮೀ., ತೂಕ 74 ಕೆಜಿ. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಬಿಎಂಐ ಲೆಕ್ಕ ಹಾಕಿದರೆ ಸುಮಾರು 31 ಬರುತ್ತದೆ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ವೈದ್ಯರು ಹಿಡಿಯುತ್ತಾರೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆ ಸುತ್ತ ಕೊಬ್ಬು ಸೇರುತ್ತದೆ, ಶುಗರ್ ಬರುತ್ತದೆ. ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಬಾರದು, ಆಕೆಗೆ 96 ಇತ್ತು. ಅಂದರೆ ತೂಕ ಇಳಿಸಬೇಕು ಅಂತ ಆಕೆ ಅಂದುಕೊಂಡಿದ್ದು ಸರಿಯೇ. ಇಳಿಸೋಕೆ ಹಿಡಿದ ದಾರಿಯೇ ಆಕೆಯನ್ನು ತಿನ್ನುತ್ತಿತ್ತು.

ರಾತ್ರಿಯ ವಿಷಯ ಕೇಳಿದೆ. ಎಲ್ಲರೂ ಮಲಗಿದ ಮೇಲೆ, ಹನ್ನೊಂದೂವರೆ ಹೊತ್ತಿಗೆ, ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಲೈಟ್ ಹಾಕುತ್ತಿರಲಿಲ್ಲ. ಕೊಬ್ಬರಿ ಇಟ್ಟಿರುವ ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿ, ತೆಗೆದರೆ ಟಣ್ ಅಂತ ಸದ್ದಾಗುತ್ತದೆ. ಅದಕ್ಕೆ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ಮುಚ್ಚಳದ ಮೇಲೆ ದುಪ್ಪಟ್ಟಾ ಸುತ್ತಿ ನಿಧಾನಕ್ಕೆ ತಿರುಗಿಸುತ್ತಿದ್ದರು. ಅದನ್ನು ನನಗೆ ಕೈಯಲ್ಲೇ ಮಾಡಿ ತೋರಿಸಿದರು, ಆಮೇಲೆ ಆ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡರು. ತಿಪಟೂರು ಕಡೆಯ ನೆಂಟರು ಕಳಿಸುವ ಕೊಬ್ಬರಿ. ಅರ್ಧ ಗಿಟುಕು, ಒಂದು ಚೂರು ಬೆಲ್ಲ, ಅದಾದ ಮೇಲೆ ಮಕ್ಕಳ ಬಿಸ್ಕತ್ತು, ಪಾತ್ರೆ ತಳದ ತಣ್ಣನೆ ಅನ್ನ. ನಿಂತುಕೊಂಡೇ, ಬೇಗಬೇಗ, ರುಚಿಯೂ ಗೊತ್ತಾಗದ ಹಾಗೆ. ವಾರಕ್ಕೆ ಮೂರು ನಾಲ್ಕು ಸಲ.

ಒಂದು ರಾತ್ರಿ ಅತ್ತೆ ನೀರು ಕುಡಿಯೋಕೆ ಎದ್ದು ಬಂದು ಲೈಟ್ ಹಾಕಿದ್ದಾರೆ. "ಅಯ್ಯೋ, ನೀನಾ? ಇಲಿ ಅನ್ಕೊಂಡೆ ಕಣಮ್ಮ" ಅಂದರಂತೆ. ಚುಚ್ಚಬೇಕು ಅಂತ ಹೇಳಿದ ಮಾತಲ್ಲ ಅದು. ಆದರೆ ಆಕೆ ಆವತ್ತಿನಿಂದ ಅತ್ತೆಯ ಮುಖ ನೋಡಿ ಮಾತಾಡಿಲ್ಲ.

ನಾನು ರಾತ್ರಿಯ ಮಾತು ಅಲ್ಲಿಗೆ ಬಿಟ್ಟು ಹಗಲಿನ ಕಥೆ ಕೇಳಿದೆ. ಬೆಳಗ್ಗೆ ಐದೂವರೆಗೆ ಏಳುತ್ತಾರೆ, ಒಂದು ಲೋಟ ಕಾಫಿ. ಎಲ್ಲರಿಗೂ ತಿಂಡಿ ಮಾಡುತ್ತಾರೆ, ತಾವು ತಿನ್ನುವುದಿಲ್ಲ. "ತೂಕ ಇಳಿಸಬೇಕಲ್ಲ ಮೇಡಂ." ಮಧ್ಯಾಹ್ನ ಡಬ್ಬಿಯಲ್ಲಿ ಒಂದೇ ಒಂದು ಚಪಾತಿ, ನಾಲ್ಕು ಹೋಳು ಸೌತೆಕಾಯಿ. ಸಂಜೆ ಅಂಗಡಿಯಲ್ಲಿ ಎಲ್ಲರೂ ಬೋಂಡ ತರಿಸಿದರೆ ಇವರು ಬರೀ ಟೀ. ರಾತ್ರಿ ಎಲ್ಲರಿಗೂ ಬಡಿಸಿ ಒಂಬತ್ತೂವರೆ ಮೇಲೆ ಒಂದು ಸಣ್ಣ ಮುದ್ದೆ, ಸಾರು. ಹತ್ತು ಗಂಟೆ ನಿಂತು ಕೆಲಸ ಮಾಡುವ ಹೆಂಗಸು ತಿಂದಿದ್ದು ಇಷ್ಟು. ಇಷ್ಟು ತಿಂದರೆ ಹನ್ನೊಂದೂವರೆಗೆ ಯಾರಿಗೆ ತಾನೇ ಎಚ್ಚರ ಆಗಲ್ಲ?

ಆಗ ಆಕೆಗೆ ಒಂದು ಹಳೆಯ ಪ್ರಯೋಗದ ವಿಷಯ ಹೇಳಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ, ತಾವಾಗೇ ಮುಂದೆ ಬಂದ 36 ಜನ ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಈಗಿನ ಎಷ್ಟೋ ಡಯಟ್ ಚಾರ್ಟುಗಳಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ. ಆ ಗಟ್ಟಿಮುಟ್ಟಾದ ಹುಡುಗರು ಹಗಲೂ ರಾತ್ರಿ ಊಟದ ಬಗ್ಗೆಯೇ ಮಾತಾಡತೊಡಗಿದರು, ಅಡುಗೆ ಪುಸ್ತಕ ಓದತೊಡಗಿದರು, ಸಿಡುಕಿದರು, ಮಂಕಾದರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ಹೊಟ್ಟೆ ತುಂಬಿದ ಹಾಗೆ ಆಗುತ್ತಿಲ್ಲ ಅಂತ ಕೆಲವರು ತಿಂಗಳುಗಟ್ಟಲೆ ಹೇಳಿದರು. ಅವರೆಲ್ಲರ ಮನಸ್ಸೂ ಗಟ್ಟಿ ಇರಲಿಲ್ಲ ಅಂತೀರಾ, ಅಂತ ಕೇಳಿದೆ. ಆಕೆ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ನಂದು ತಪ್ಪಲ್ವಾ ಮೇಡಂ?" ಅಂದರು. ಅಲ್ಲ ಅಂದೆ. ಹಸಿವು ಅಂದೆ.

ಎರಡು ವರ್ಷದ ಹಿಂದೆ ಪರಿಚಯದವರ ಮಾತು ಕೇಳಿ ಎರಡು ಹೊತ್ತು ಊಟದ ಬದಲು ಪೌಡರ್ ಕಲಸಿ ಕುಡಿದು, 40 ದಿನದಲ್ಲಿ 9 ಕೆಜಿ ಇಳಿಸಿದ್ದರಂತೆ. ವರ್ಷದೊಳಗೆ 11 ಕೆಜಿ ವಾಪಸ್ ಬಂತು. ಇಳಿದಾಗ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ್ದ ಅದೇ ಪರಿಚಯದವರು, ಏರಿದಾಗ "ನಿಮಗೆ ಮನಸ್ಸೇ ಇಲ್ಲ" ಅಂದರು. ಈ ಮಾತು ನನ್ನ ಹತ್ತಿರ ಬರುವ ಎಷ್ಟು ಜನರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿರುತ್ತದೋ! ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮೊದಲು ಮಾಡಿಸಿದ್ದು ರಕ್ತ ಪರೀಕ್ಷೆ. ನಾನು ಆಪ್ತಸಲಹೆಗಾರ್ತಿ, ಡಾಕ್ಟರ್ ಅಲ್ಲ. ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ ಕಡಿಮೆ ಇತ್ತು, ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.9 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು. ಖರ್ಚಿನ ಚಿಂತೆ ಇರುವವರು ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ತೋರಿಸಬಹುದು. ಮನೋವೈದ್ಯರ ಹತ್ತಿರವೂ ಕಳಿಸಿದೆ. ಕೈಮೀರಿ ತಿನ್ನುವುದು ವಾರಕ್ಕೊಮ್ಮೆಯಾದರೂ ಆಗಿ, ಮೂರು ತಿಂಗಳು ಮುಂದುವರಿದಿದ್ದರೆ ಅದು ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಅವರು ನೋಡಿ, ಈಗಲೇ ಮಾತ್ರೆ ಬೇಡ, ಹಗಲಿನ ಊಟ ಸರಿಮಾಡಿ, ಸಲಹೆ ಮುಂದುವರಿಸಿ ಅಂದರು.

ಎರಡನೇ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ಕೇಳಿ ಆಕೆಗೆ ಗಾಬರಿ. ಬೆಳಗ್ಗೆ ತಿಂಡಿ ತಿನ್ನಿ ಅಂದೆ. ಎಲ್ಲರ ಜೊತೆ ಕೂತು, ಎಂಟೂವರೆಗೆ, ಎರಡು ಇಡ್ಲಿಯೋ ರಾಗಿ ರೊಟ್ಟಿಯೋ, ಜೊತೆಗೆ ಮೊಟ್ಟೆ ಅಥವಾ ಕಾಳು. ಸಂಜೆ ಐದಕ್ಕೆ ಒಂದು ಹಿಡಿ ಹುರಿಗಡಲೆ ಇಲ್ಲವೇ ಬೇಯಿಸಿದ ಕಡಲೆಕಾಳು, ಒಂದು ಸೀಬೆಹಣ್ಣು. "ಇನ್ನೂ ದಪ್ಪ ಆಗಲ್ವಾ?" ಅಂದರು. ಲೆಕ್ಕ ಹಾಕಿ ತೋರಿಸಿದೆ. 50 ಗ್ರಾಂ ಕೊಬ್ಬರಿಯಲ್ಲೇ 300 ಕ್ಯಾಲೊರಿಗಿಂತ ಜಾಸ್ತಿ ಇರುತ್ತದೆ. ಅದಕ್ಕೆ ಬೆಲ್ಲ, ಬಿಸ್ಕತ್ತು, ಅನ್ನ ಸೇರಿಸಿ. ಬೆಳಗ್ಗೆ ಉಳಿಸಿದ್ದಕ್ಕಿಂತ ರಾತ್ರಿ ಹೋಗಿದ್ದೇ ಜಾಸ್ತಿ ಆಗಿತ್ತು.

ಮತ್ತೊಂದು ಮಾತು ಹೇಳಿದೆ. ರಾತ್ರಿ ಎದ್ದರೆ ಏಳಿ, ತಿನ್ನಬೇಕು ಅನಿಸಿದರೆ ತಿನ್ನಿ. ಆದರೆ ಲೈಟ್ ಹಾಕಿ. ತಟ್ಟೆಗೆ ಹಾಕಿಕೊಳ್ಳಿ. ಕೂತುಕೊಳ್ಳಿ. ಇಷ್ಟೇ.

ಇಲ್ಲಿ ನನ್ನದೂ ಒಂದು ತಪ್ಪಾಯಿತು. ತಿಂದಿದ್ದೆಲ್ಲ ಬರೆದಿಡಿ ಅಂತ ಒಂದು ನೋಟ್‌ಬುಕ್ ಕೊಟ್ಟಿದ್ದೆ. ಹದಿನೈದು ದಿನ ಬಿಟ್ಟು ನೋಡಿದರೆ ಪುಟದ ತುಂಬಾ ಕೆಂಪು ಪೆನ್ನಿನ ಗೆರೆ. ಜಾಸ್ತಿ ತಿಂದೆ ಅನಿಸಿದ ದಿನಕ್ಕೆ ತಾವೇ ಅಡ್ಡಗೆರೆ ಎಳೆದು, ಮಾರನೇ ದಿನ ಉಪವಾಸ ಮಾಡಿದ್ದರು. ಪುಸ್ತಕ ವಾಪಸ್ ಇಸಿದುಕೊಂಡೆ. ಇಂಥವರಿಗೆ ತಿಂದಿದ್ದರ ಲೆಕ್ಕ ಬರೆಸಬಾರದು ಅನ್ನುವುದು ನನಗೆ ಮೊದಲೇ ಹೊಳೆಯಬೇಕಿತ್ತು. ಆಮೇಲೆ ಬರೆಸಿದ್ದು ಮೂರೇ ವಿಷಯ: ಎಷ್ಟು ಗಂಟೆಗೆ ತಿಂದಿರಿ, ಎಷ್ಟು ಹಸಿದಿದ್ದಿರಿ, ಎಲ್ಲಿ ಕೂತಿದ್ದಿರಿ.

ಆ ಬರವಣಿಗೆ ಇಟ್ಟುಕೊಂಡು ಮಾತಾಡುವಾಗಲೇ ನಿಜವಾದ ವಿಷಯ ಸಿಕ್ಕಿದ್ದು. ಅವರ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಬಸ್ಸಾರು. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಅಡುಗೆ. ಪಲ್ಯ ಮೊದಲು ಗಂಡನಿಗೆ, ಮಕ್ಕಳಿಗೆ, ಅತ್ತೆಗೆ. ಕೊನೆಗೆ ಉಣ್ಣುವ ಆಕೆಗೆ ಬರುವ ಹೊತ್ತಿಗೆ ಬಾಣಲೆ ಖಾಲಿ. ಆಕೆಗೆ ಉಳಿಯುವುದು ಮುದ್ದೆ ಮತ್ತು ಸಾರು. ಸಾರಿನಲ್ಲಿ ರುಚಿ ಇದೆ, ಕಾಳಿಲ್ಲ. ಹೊಟ್ಟೆಯಲ್ಲಿ ನಿಲ್ಲುವ ಪ್ರೋಟೀನು, ನಾರು ಎಲ್ಲ ಪಲ್ಯದ ಜೊತೆ ಬೇರೆಯವರ ತಟ್ಟೆಗೆ ಹೋಗುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಅರ್ಧ ತಟ್ಟೆ ತರಕಾರಿ, ಹಣ್ಣು ಇರಬೇಕು ಅಂತಿದೆ. ಈ ತಟ್ಟೆಯಲ್ಲಿ ಅದು ಒಂದು ಚಮಚವೂ ಇರಲಿಲ್ಲ, ಅದೂ ಅಷ್ಟೂ ಸೊಪ್ಪು ಬಿಡಿಸಿ ಬೇಯಿಸಿದವರ ತಟ್ಟೆಯಲ್ಲಿ.

"ಬಡಿಸೋ ಮುಂಚೆ ನಿಮ್ಮ ಪಾಲಿನ ಪಲ್ಯ ತೆಗೆದಿಡಿ" ಅಂದೆ. "ಹಂಗೆ ನನಗೆ ಅಂತ ಎತ್ತಿಟ್ಕೊಳ್ಳೋಕೆ ನಾಚಿಕೆ ಆಗುತ್ತೆ ಮೇಡಂ" ಅಂದರು. ಕತ್ತಲಲ್ಲಿ ಡಬ್ಬಿ ತೆಗೆಯುವಾಗಲೂ ಅದೇ ನಾಚಿಕೆ, ಬೆಳಕಲ್ಲಿ ಪಲ್ಯ ಎತ್ತಿಡುವಾಗಲೂ ಅದೇ ನಾಚಿಕೆ.

ಹಾಗಾಗಿ, ಆಕೆ ಒಪ್ಪಿದ ಮೇಲೆ, ಅತ್ತೆಯನ್ನು ಕರೆಸಿದೆ. ಎಪ್ಪತ್ತು ದಾಟಿದ ಹೆಂಗಸು, ಒಂದು ಕಾಲಕ್ಕೆ ಹೊಲದಲ್ಲಿ ದುಡಿದವರು. "ನಾನೇ ಹೇಳಿದ್ದು ಕಣವ್ವ, ಅನ್ನ ಬುಟ್ಬುಡು, ಎರಡೊತ್ತೂ ಮುದ್ದೆ ಉಣ್ಣು, ಸಣ್ಣ ಆಯ್ತೀಯಾ ಅಂತ" ಅಂದರು. ಒಳ್ಳೆಯದಕ್ಕೇ ಹೇಳಿದ್ದು. ಆದರೆ ಈ ನಂಬಿಕೆ ಪೂರ್ತಿ ಸರಿ ಅಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 350. ಅಂಥ ದೊಡ್ಡ ವ್ಯತ್ಯಾಸ ಏನಿಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದ ಅಂಶ ತುಂಬಾ ಜಾಸ್ತಿ, ಅದಕ್ಕೇ ಅದು ಒಳ್ಳೆಯದು. ಮುದ್ದೆ ಉಂಡ ಮಾತ್ರಕ್ಕೆ ತೂಕ ಇಳಿಯುವುದಿಲ್ಲ, ಅದರ ಜೊತೆ ಏನಿದೆ ಅನ್ನುವುದು ಮುಖ್ಯ. ಆಮೇಲೆ ಪಲ್ಯದ ವಿಷಯ ಹೇಳಿದೆ. ಅಜ್ಜಿ ಸೊಸೆಯ ಕಡೆ ನೋಡಲಿಲ್ಲ, ನೆಲ ನೋಡುತ್ತಾ ಹೇಳಿದರು: "ನಾನೂ ಹಂಗೇ ಉಂಡಿದ್ದು. ತಳದಾಗೆ ಏನಿತ್ತೋ ಅದು. ಯಾರೂ ಕೇಳ್ಲಿಲ್ಲ."

ಮುಂದಿನ ವಾರದಿಂದ ಒಂದು ಬಟ್ಟಲು ಪಲ್ಯದ ಮೇಲೆ ತಟ್ಟೆ ಮುಚ್ಚಿ ಇಡುವುದು ಅತ್ತೆಯ ಕೆಲಸವಾಯಿತು. ಗಂಡ ಒಂದೇ ಸಲ ಬಂದರು, ಜಾಸ್ತಿ ಮಾತಾಡಲಿಲ್ಲ, ಕಾಳು ಇನ್ನೂ ಒಂದು ಪಾವು ಜಾಸ್ತಿ ಹಾಕಿಸ್ತೀನಿ ಅಂದರು. ಅಷ್ಟು ಸಾಕಿತ್ತು.

ನಡಿಗೆ ಬಗ್ಗೆ ಹೇಳಬೇಕು. ಅಮಾನಿಕೆರೆ ಹತ್ತಿರ ಬೆಳಗ್ಗೆ ವಾಕಿಂಗ್ ಹೋಗಿ ಅಂತ ಎಲ್ಲರೂ ಆಕೆಗೆ ಹೇಳಿದ್ದರು. ನೀರು ಬಿಡುವ ಹೊತ್ತು, ಮಕ್ಕಳ ಡಬ್ಬಿ ಕಟ್ಟುವ ಹೊತ್ತು ಅದು, ಯಾವ ಹೆಂಗಸು ಹೋಗ್ತಾಳೆ? ಅಂಗಡಿಯಿಂದ ಮನೆಗೆ ಆಟೋ ಬಿಟ್ಟು ನಡೆದು ಬನ್ನಿ ಅಂದೆ. 25 ನಿಮಿಷ, ಉಸಿರು ಸ್ವಲ್ಪ ಜೋರಾಗುವ ಹಾಗೆ, ಹಾಡು ಹೇಳೋಕೆ ಆಗಬಾರದು, ಮಾತಾಡೋಕೆ ಆಗಬೇಕು. ವಾರಕ್ಕೆ ಆರು ದಿನ ಅಂದರೆ 150 ನಿಮಿಷ ಆಯಿತು, ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಅಂತ ಹೇಳುವುದೂ ಅಷ್ಟೇ. ಜೊತೆಗೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲ, ಮೂರು ಸುತ್ತು. ಭಾನುವಾರ ಬೇಕಾದರೆ ಮಕ್ಕಳ ಜೊತೆ ಅಮಾನಿಕೆರೆ.

ತೂಕದ ಮಿಷನ್ ಬೀರುವಿನ ಮೇಲೆ ಇಡಿಸಿದೆ. ದಿನಕ್ಕೆ ನಾಲ್ಕು ಸಲ ಹತ್ತಿ ನಿಲ್ಲುತ್ತಿದ್ದರು! ಒಂದೇ ದಿನದಲ್ಲಿ ನೀರು, ಉಪ್ಪು, ತಿಂಗಳ ದಿನಗಳು ಇವುಗಳಿಂದಲೇ ಒಂದು ಕೆಜಿ ಆಚೆ ಈಚೆ ಆಗುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿ ಸಾಕು ಅಂದೆ. ಮೊದಲ ಸಲ ನೋಡಿದಾಗ 600 ಗ್ರಾಂ ಏರಿತ್ತು. ಅಳುತ್ತಾ ಫೋನ್ ಮಾಡಿದರು. ರಾತ್ರಿ ಎದ್ದಿದ್ದು ಎಷ್ಟು ಸಲ ಅಂತ ಕೇಳಿದೆ. ಲೆಕ್ಕ ಹಾಕಿ, "ಎರಡು ವಾರಕ್ಕೆ ಎರಡೇ ಸಲ" ಅಂದರು. ಹಾಗಾದರೆ ಸರಿಯಾಗೇ ಹೋಗ್ತಿದೆ, ಬಿಡಬೇಡಿ ಅಂದೆ.

ನಡುವೆ ತಂಗಿಯ ಮದುವೆ, ಬೀಗರೂಟ ಬಂತು. ಮೂರು ದಿನ ಚೆನ್ನಾಗಿ ತಿಂದರು. ನಾಲ್ಕನೇ ದಿನ ಉಪವಾಸ ಮಾಡಬೇಡಿ, ಎಂದಿನ ಹಾಗೆ ತಿಂಡಿ ತಿನ್ನಿ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ತಿಂದರು. ಈ ನಾಲ್ಕನೇ ದಿನದ ತಿಂಡಿಯೇ ಇಡೀ ಎಂಟು ತಿಂಗಳಲ್ಲಿ ಆಕೆಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಅಂತ ನನಗನಿಸುತ್ತದೆ.

ಎಂಟು ತಿಂಗಳಿಗೆ ತೂಕ 68.5 ಕೆಜಿ. ಇಷ್ಟೇನಾ ಅನಿಸಬಹುದು. ಮೊದಲಿದ್ದ ತೂಕದಲ್ಲಿ ಶೇ. 5ರಿಂದ 10 ಇಳಿದರೂ ಬಿಪಿ, ಶುಗರ್ ಮೇಲೆ ಗೊತ್ತಾಗುವಷ್ಟು ಫಲ ಇರುತ್ತದೆ, ಆಕೆಗೆ ಶೇ. 7ಕ್ಕಿಂತ ಜಾಸ್ತಿ ಇಳಿದಿದೆ. ಸೊಂಟ 89. ಎಚ್‌ಬಿಎ1ಸಿ 5.6. ಇನ್ನೂ ಇಳಿಯಬೇಕು, ಇಳಿಯುತ್ತದೆ, ಅವಸರ ಇಲ್ಲ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಕತ್ತಲಲ್ಲಿ ಡಬ್ಬಿ ತೆಗೆಯುವವರು ಇದ್ದರೆ, ದಯವಿಟ್ಟು ನಾಳೆ ಬೆಳಗ್ಗೆ ತಿಂಡಿ ತಿನ್ನಿ. ತಿಂದ ಮೇಲೆ ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು, ಬದುಕೇ ಬೇಡ ಅನಿಸುವುದು ಇದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರು ಇದನ್ನು ಓದುತ್ತಿದ್ದರೆ, ದಪ್ಪ ಅಂತ ಕರೆಯುವುದು ಬಿಡಿ, ತಮಾಷೆಗೂ ಬೇಡ. ಆಕೆಯ ಮಗಳು 12 ವರ್ಷದವಳು, ಅಮ್ಮನನ್ನು ನೋಡಿ ತಾನೂ ತಿಂಡಿ ಬಿಡಲು ಶುರು ಮಾಡಿದ್ದಳು. ಈಗ ಅಮ್ಮ ಕೂತರೆ ಅವಳೂ ಕೂರುತ್ತಾಳೆ.

ಈಗಲೂ ತಿಂಗಳಲ್ಲಿ ಒಂದೆರಡು ರಾತ್ರಿ ಆಕೆ ಏಳುತ್ತಾರೆ. ಲೈಟ್ ಹಾಕುತ್ತಾರೆ. ಹೋದ ಸಲ ಸದ್ದಿಗೆ ಅತ್ತೆಯೂ ಎದ್ದು ಬಂದು ಎದುರಿಗೆ ಕೂತರಂತೆ, ಇಬ್ಬರೂ ಒಂದೇ ತಟ್ಟೆಯಲ್ಲಿ ಒಂದೊಂದು ಚೂರು ಕೊಬ್ಬರಿ ಬೆಲ್ಲ ತಿಂದು, ತಂಗಿ ಮದುವೆ ಸೀರೆ ಬಗ್ಗೆ ಮಾತಾಡಿ ಮಲಗಿದರಂತೆ.